ನಾಲ್ಕನೆಯ ಗುಳಿ

ಬಸ್ಸು ಇನ್ನೂ ಬಳ್ಳಾರಿ ಬಿಟ್ಟಿರಲಿಲ್ಲ, ಅಷ್ಟರಲ್ಲೇ ಸುಂಕಪ್ಪ ತೊಡೆಯ ಮೇಲಿನ ಚೀಲವನ್ನು ಮೂರು ಸಲ ಮುಟ್ಟಿ ನೋಡಿಕೊಂಡಿದ್ದ. ಚೀಲದಲ್ಲಿ ಎರಡು ಅಂಗಿ, ಅವ್ವನಿಗೆಂದು ಕೊಂಡ ಒಂದು ಸೀರೆ, ಕಂದು ಲಕೋಟೆಯೊಳಗೆ ಎಂಟು ಹಾಳೆ ಇದ್ದವು. ಅಂಗಿ ಸೀರೆ ಕಳೆದರೆ ಮತ್ತೆ ಕೊಳ್ಳಬಹುದು. ಹಾಳೆಗಳು ಲಂಡನ್ನಿನಿಂದ ವಿಮಾನದ ಟಪಾಲಿನಲ್ಲಿ ಬಂದಂಥವು. ಅವನು ಬರೆದ ಲೇಖನವೊಂದು ಅಲ್ಲಿನ ವಿದ್ವಾಂಸರ ಪತ್ರಿಕೆಯಲ್ಲಿ ಅಚ್ಚಾಗುವುದರಲ್ಲಿತ್ತು. ಅಚ್ಚಿನ ಮೊಳೆ ಜೋಡಿಸಿ ತೆಗೆದ ಮೊದಲ ಪ್ರತಿಯನ್ನು ತಿದ್ದಿ ಕಳಿಸಲು ಹೇಳಿದ್ದರು. ತಿದ್ದುವುದಕ್ಕೆ ಹೆಚ್ಚೇನೂ ಇರಲಿಲ್ಲ. ಎರಡು ಅಲ್ಪವಿರಾಮ, ತನ್ನ ಹೆಸರಿನಲ್ಲಿ ಬಿಟ್ಟುಹೋದ ಒಂದು ಅಕ್ಷರ, ಅಷ್ಟೆ. ಸೋಮವಾರದ ಟಪಾಲಿಗೆ ಹಾಕಿಬಿಟ್ಟರೆ ಮುಗಿಯಿತು. ಮುಂದಿನ ತಿಂಗಳು ಮದರಾಸಿನಲ್ಲಿ ಸಂದರ್ಶನ. ಇರುವುದು ಒಂದೇ ಹುದ್ದೆ. ವಿಲಾಯತಿಯಲ್ಲಿ ಅಚ್ಚಾದ ಲೇಖನ ಕೈಯಲ್ಲಿದ್ದರೆ ಆ ಕುರ್ಚಿ ನಿನ್ನದೇ ಎಂದು ವಿಶ್ವವಿದ್ಯಾನಿಲಯದ ಗುರುಗಳು ತಾವಾಗಿಯೇ ಕಾಗದ ಬರೆದಿದ್ದರು. ಕಿಟಕಿಯ ಹೊರಗೆ ಸೋದರಮಾವ ಚಿನ್ನಪ್ಪ ನಿಂತಿದ್ದ. ಕೌಲ್ ಬಜಾರಿನಲ್ಲಿ ಬೂಟು ಹೊಲಿಯುವ ಅಂಗಡಿ ಅವನದು. ಆರು ವರ್ಷದ ಸುಂಕಪ್ಪನನ್ನು ಕುರುಗೋಡಿನಿಂದ ಕರೆತಂದು, ಮನೆಯಲ್ಲಿಟ್ಟುಕೊಂಡು ಓದಿಸಿ, ಕೊನೆಗೆ ಹಡಗು ಹತ್ತುವಾಗ ತಾನೇ ಹೊಲಿದ ಕರಿ ಬೂಟು ತೊಡಿಸಿ ಕಳಿಸಿದವನು. ಆ ಬೂಟು ಲಂಡನ್ನಿನ ಒಂದು ಇಡೀ ಚಳಿಗಾಲ ತಡೆದು ವಾಪಸು ಬಂದಿತ್ತು. ಆ ಕಥೆ ಹೇಳದೆ ಮಾವ ಈಗ ಯಾವ ಗಿರಾಕಿಯ ಕಾಲಿನ ಅಳತೆಯನ್ನೂ ತೆಗೆಯುತ್ತಿರಲಿಲ್ಲ. ಇವತ್ತು ಕಂಡಕ್ಟರನಿಗೂ ಹೇಳಿದ. ಕಂಡಕ್ಟರ್ ಬಗ್ಗಿ ಕಾಲು ನೋಡಿದ. ಸುಂಕಪ್ಪ ಕಾಲನ್ನು ಸೀಟಿನಡಿಗೆ ಎಳೆದುಕೊಂಡ. ನಾಚಿಕೆಯಾಯಿತು, ಆದರೆ ಎಳೆದುಕೊಳ್ಳುವ ಮುಂಚೆ ಒಂದು ಗಳಿಗೆ ತಡೆದದ್ದು ಅವನಿಗೇ ಗೊತ್ತಿತ್ತು.

ಬಸ್ಸು ಹೊರಡುವ ಹೊತ್ತಿಗೆ ಚಿದಾನಂದಪ್ಪ ಮೇಷ್ಟ್ರು ಹತ್ತಿದರು. ಹಚ್ಚೊಳ್ಳಿ, ಅಲ್ಲಿ ಇಲ್ಲಿ ಎಂದು ಮೂವತ್ತು ವರ್ಷ ಕಲಿಸಿ ಈಗ ಕುರುಗೋಡಿನಲ್ಲಿ ನೆಲೆ ನಿಂತವರು. ಊರಲ್ಲಿ ಏನು ನಡೆದರೂ ಮುಂದಾಳು. ಎಲ್ಲ ಸೀಟೂ ತುಂಬಿತ್ತು, ಸುಂಕಪ್ಪನ ಪಕ್ಕದ್ದೊಂದು ಬಿಟ್ಟು. ಮೇಷ್ಟ್ರು ಅವನನ್ನು ಗುರುತಿಸಿ, ಹಿಗ್ಗಿ, ಎಲ್ಲರಿಗೂ ಕೇಳುವಂತೆ ಬಹುವಚನದಲ್ಲಿ ಮಾತಾಡಿಸಿ, ಪಕ್ಕದಲ್ಲಿ ಕೂತು, ತಮ್ಮ ಕೈಚೀಲವನ್ನು ಇಬ್ಬರ ನಡುವೆ ಇಟ್ಟರು. ಚೀಲ ದೊಡ್ಡದೇನಲ್ಲ, ತೊಡೆಯ ಮೇಲೆ ಹಿಡಿಸುವಂಥದೇ. ಅದನ್ನು ನೋಡಲಿಲ್ಲವೆಂಬಂತೆ ಸುಂಕಪ್ಪ ಹೊರಗೆ ನೋಡಿದ. ಹಿಂದಿನ ಸೀಟಿನಲ್ಲಿ ಇಬ್ಬರು, ಬಳ್ಳಾರಿ ಆಂಧ್ರಕ್ಕೋ ಮೈಸೂರಿಗೋ ಎಂದು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಜಗಳ ತೆಗೆದಿದ್ದರು. ಮೇಷ್ಟ್ರಿಗೆ ಅದು ಬೇಕಿರಲಿಲ್ಲ. ಊರಿನ ಗುಡ್ಡದ ಬಂಡೆಯ ಮೇಲಿನ ಒಂಬತ್ತು ಗುಳಿಗಳ ಮೇಲೆ ಸುಂಕಪ್ಪ ಬರೆದದ್ದು, ಅದನ್ನು ಲಂಡನ್ನಿನಲ್ಲಿ ಓದಿ ಚಪ್ಪಾಳೆ ಗಿಟ್ಟಿಸಿದ್ದು ಅವರ ಕಿವಿಗೂ ಬಿದ್ದಿತ್ತು. ಆ ಗುಳಿಗಳಲ್ಲಿ ಋಷಿಗಳು ಸೋಮರಸ ಅರೆಯುತ್ತಿದ್ದರು, ತಾವಿದನ್ನು ಮೊದಲಿಂದಲೂ ಹೇಳುತ್ತ ಬಂದಿದ್ದೇವೆ ಎಂದರು. ಊರವರೆಲ್ಲ ಸೇರಿ ಒಂದು ಸನ್ಮಾನ ಇಟ್ಟುಕೊಳ್ಳೋಣ ಎಂದರು. ನಮ್ಮ ಪೂರ್ವಿಕರು ಎಂಥವರು ಎಂದು ಲೋಕಕ್ಕೆ ತೋರಿಸಿಕೊಟ್ಟಿರಿ ಎಂದರು. 'ನಮ್ಮ' ಎಂದಾಗ ಅವರ ಕೈ ತಮ್ಮ ಎದೆಯ ಕಡೆಗೇ ಹೋಯಿತು, ನಡುವಿನ ಚೀಲವನ್ನು ದಾಟಲಿಲ್ಲ. ಸುಂಕಪ್ಪ ಸುಮ್ಮನೆ ತಲೆಯಾಡಿಸಿದ.

ಋಷಿಗಳ ಮಾತು ಕೇಳಿ ಅವನಿಗೆ ಒಳಗೊಳಗೇ ನಗು ಬಂದಿತ್ತು. ಅವನ ಲೆಕ್ಕದಲ್ಲಿ ಋಷಿಗಳಿರಲಿಲ್ಲ, ವೇದವಿರಲಿಲ್ಲ, ಮೇಷ್ಟ್ರ ಪೂರ್ವಿಕರೂ ಇರಲಿಲ್ಲ. ಹಳೆಯ ಕಾಲವನ್ನು ಮಣ್ಣಿನಿಂದ ಅಗೆದು ಓದುವ ಈ ಪ್ರಾಕ್ತನಶಾಸ್ತ್ರಕ್ಕೆ ಅವನು ಮನಸೋತದ್ದೇ ಹಾಗೆ. ಇಂಟರ್ಮೀಡಿಯೆಟ್ ಓದುವಾಗ ಸಂಗನಕಲ್ಲಿನ ಗುಡ್ಡದಲ್ಲಿ ಅಗೆಯುತ್ತಿದ್ದ ವಿದ್ವಾಂಸರ ಬಳಿ ದಿನಚರಿ ಬರೆಯುವ ಕೆಲಸಕ್ಕೆ ಹೋಗಿದ್ದ. ಎರಡನೆಯ ದಿನವೋ ಮೂರನೆಯ ದಿನವೋ ಮಣ್ಣಿನಿಂದ ಎದ್ದ ಕಲ್ಲಿನ ಕೊಡಲಿಯೊಂದನ್ನು ಅವನ ಅಂಗೈಯಲ್ಲಿಟ್ಟರು. ನುಣುಪಾಗಿತ್ತು, ತಣ್ಣಗಿತ್ತು. ಇದನ್ನು ಹಿಡಿದ ಕೈ ಯಾವ ಜಾತಿಯದೆಂದು ಯಾರೂ ಕೇಳುವುದಕ್ಕಾಗುವುದಿಲ್ಲ ಎಂದು ಅವನಿಗೆ ಅನ್ನಿಸಿತು. ಆ ದಿನ ಬಿಸಿಲಲ್ಲಿ ಬಳ್ಳಾರಿಯ ತನಕ ಓಡೋಡುತ್ತ ಬಂದ. ನಾಲ್ಕು ಸಾವಿರ ವರ್ಷದ ಆಚೆ ಒಂದು ಊರಿತ್ತು, ಆ ಊರಿಗೆ ಹೊರಗಿನ ಕೇರಿ ಇರಲಿಲ್ಲ, ಅಲ್ಲಿ ಅವನು ಯಾವ ಮನೆಯ ಮುಂದೆ ಬೇಕಾದರೂ ನಿಲ್ಲಬಹುದಿತ್ತು. ಪ್ರಾಕ್ತನಶಾಸ್ತ್ರವನ್ನೂ ಮಾನವಶಾಸ್ತ್ರವನ್ನೂ ಒಟ್ಟಿಗೆ ಕಲಿಸುವ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದು, ಕೊನೆಯ ವರ್ಷಕ್ಕೆ ವಿದ್ಯಾರ್ಥಿವೇತನ ಗಿಟ್ಟಿಸಿ ಲಂಡನ್ನಿಗೆ ಹೋದದ್ದು, ಎಲ್ಲ ಆ ಊರಿನ ದಾರಿಯೇ. ಲಂಡನ್ನಿನಲ್ಲಿ ಮಾನವಶಾಸ್ತ್ರದ ಪ್ರಾಧ್ಯಾಪಕರು ಒಂದು ಅಚ್ಚಾದ ಪುಸ್ತಿಕೆ ಕೊಟ್ಟಿದ್ದರು. ಗೊತ್ತಿಲ್ಲದ ಜನರ ನಡುವೆ ಹೋದಾಗ ಏನೇನು ಕೇಳಬೇಕು ಎಂಬ ಪ್ರಶ್ನೆಗಳು: ಏನು ಉಣ್ಣುತ್ತೀರಿ, ಯಾವುದರಲ್ಲಿ ಕುಟ್ಟುತ್ತೀರಿ, ಯಾರು ಕುಟ್ಟುತ್ತಾರೆ, ಅದನ್ನು ಮಾಡಿದವರು ಯಾರು. ಸುಂಕಪ್ಪನಿಗೆ ಅದು ಬಾಯಿಪಾಠವಾಗಿತ್ತು. ಅವನು ಲೇಖನ ಓದಿದ ದಿನ ಸಭೆಯ ಹಿಂದಿನ ಸಾಲಿನಿಂದ ಒಬ್ಬ ಮುದುಕಿ ಎದ್ದು, ಆ ಗುಳಿಗಳ ಬಗ್ಗೆ ಹತ್ತಿರದ ಜನ ಏನು ಹೇಳುತ್ತಾರೆ ಎಂದು ಕೇಳಿದಳು. ಅವನು ಒಂದು ಚಣವೂ ತಡೆಯದೆ, ಹತ್ತಿರದ ಜನರಿಗೆ ಅದರ ಬಗ್ಗೆ ಏನೂ ತಿಳಿಯದು ಎಂದ. ಸಭೆ ಚಪ್ಪಾಳೆ ತಟ್ಟಿತು. ಆ ಮುದುಕಿಯೂ ತಟ್ಟಿದಳು. ರಾತ್ರಿ ಕೋಣೆಯಲ್ಲಿ ಬೂಟು ಬಿಚ್ಚುವಾಗ, ತಾನು ಹತ್ತಿರದ ಜನರನ್ನು ಕೇಳಿಯೇ ಇಲ್ಲ ಎಂಬುದು ನೆನಪಾಯಿತು.

ಕೇಳುವುದು ಹೇಗೆ? ಅದಕ್ಕೂ ಹಿಂದಿನ ವರ್ಷ, ಗುರುಗಳನ್ನೂ ನಾಲ್ಕು ಜನ ಸಹಪಾಠಿಗಳನ್ನೂ ಆ ಗುಡ್ಡಕ್ಕೆ ಕರೆದುಕೊಂಡು ಹೋದವನು ಅವನೇ. ನಮ್ಮೂರಿನ ಗುಡ್ಡ ಸರ್ ಎಂದು ಬೀಗುತ್ತ ಮುಂದೆ ನಡೆದಿದ್ದ. ಹತ್ತಲು ಸುಲಭವಾದ ದಾರಿ ಕೇರಿಯ ಹಿತ್ತಲಿನಿಂದಲೇ ಏರುತ್ತಿತ್ತು. ಅವನು ಎಲ್ಲರನ್ನೂ ಪಡುವಣ ಮಗ್ಗುಲಿನಿಂದ, ಮುಳ್ಳುಕಂಟಿಯ ನಡುವೆ, ಮೈಕೈ ಗೀಚಿಸುತ್ತ ಹತ್ತಿಸಿದ. ಕೇರಿಯಿಂದ ಅವ್ವ ನೀರಿನ ಕೊಡ ಹೊತ್ತು ಬಂದರೆ? ಬಿಸಿಲಿಗೆ ಬಾಯಾರಿದ ಆ ನಾಲ್ವರಲ್ಲಿ ಒಬ್ಬನಾದರೂ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದರೆ? ಅದನ್ನು ತಾನು ನೋಡುವಂತಾದರೆ? ಬಂಡೆಯ ಮೇಲೆ ನಿಂತಾಗ ಕೆಳಗೆ ಕೇರಿಯ ಸೂರುಗಳು ಕಂಡವು. ಒಂದು ಅಂಗಳದಲ್ಲಿ ಹೆಂಗಸೊಬ್ಬಳು ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಿದ್ದಳು. ಅಷ್ಟು ದೂರದಿಂದ ಯಾರೆಂದು ಗೊತ್ತಾಗುವಂತಿರಲಿಲ್ಲ. ಗೊತ್ತಾಗಿತ್ತು. ಅವನು ಟೇಪು ಹಿಡಿದು ಬಗ್ಗಿದ, ನಾಲ್ಕನೆಯ ಗುಳಿಯ ಆಳ ಅಳೆದ, ಒಂಬತ್ತು ಅಂಗುಲ ಎಂದು ಜೋರಾಗಿ ಕೂಗಿ ಹೇಳಿದ. ಸುತ್ತಿನ ಮೈಯಲ್ಲಿ ಉಳಿಯ ಗುರುತು ಒಂದಾದರೂ ಇದೆಯೇ ಎಂದು ಗುರುಗಳು ಭೂತಗನ್ನಡಿ ಹಿಡಿದು ಹುಡುಕಿದರು. ಇರಲಿಲ್ಲ. ಕಲ್ಲಿನಿಂದಲೇ ಕಲ್ಲು ಕುಟ್ಟಿ ತೆಗೆದದ್ದು, ಕಬ್ಬಿಣವನ್ನು ಅರಿಯದ ಜನರ ಕೆಲಸ, ಶಿಲಾಯುಗದ್ದು. ಅವನ ಲೇಖನದ ಮೂರನೆಯ ಪುಟ ಪೂರ್ತಿ ನಿಂತಿದ್ದು ಆ ಮಾತಿನ ಮೇಲೆ. ಅವತ್ತು ಅವರು ಇಳಿದದ್ದೂ ಪಡುವಣ ಮಗ್ಗುಲಿನಿಂದಲೇ.

ಕುರುಗೋಡಿನಲ್ಲಿ ಇಳಿದಾಗ ಮೇಷ್ಟ್ರು ಬಿಡಲಿಲ್ಲ, ಚಹಾ ಕುಡಿದೇ ಹೋಗಬೇಕೆಂದು ಮನೆಗೆ ಕರೆದರು. ಮನೆಯೆಂದರೆ ಹೊರಗಿನ ಕಟ್ಟೆ. ಮೊದಲಾಗಿದ್ದರೆ ತೆಂಗಿನ ಚಿಪ್ಪಿನಲ್ಲಿ ಹಾಕುತ್ತಿದ್ದರು, ಈಗ ಗಾಜಿನ ಲೋಟ ಬಂತು, ಕಾಲ ಮುಂದುವರಿದಿದೆ. ಕುಡಿದು ಮುಗಿಸಿದ ಮೇಲೆ ಆ ಲೋಟ ಒಳಗೆ ಹೋಗಲಿಲ್ಲ, ಗೋಡೆಯ ಗೂಡಿನಲ್ಲಿ ಬೋರಲು ಕೂತಿತು. ಸುಂಕಪ್ಪ ಲಂಡನ್ನಿನಲ್ಲಿ ಯಾರ್ಯಾರದೋ ತುಟಿ ತಾಕಿದ ಬಟ್ಟಲಲ್ಲಿ ಚಹಾ ಕುಡಿದು ಬಂದವನು. ಆ ಗೂಡನ್ನೇ ನೋಡುತ್ತ, ಸಿಟ್ಟು ಬಂದರೂ ಚಹಾ ಚೆನ್ನಾಗಿತ್ತು ಎಂದ. ಕೇರಿಯ ಕಡೆ ನಡೆಯುವಾಗ ಹಾಗೆಂದದ್ದಕ್ಕೆ ತನ್ನ ನಾಲಗೆಯನ್ನೇ ಬೈದುಕೊಂಡ. ಇರಲಿ, ಸೋಮವಾರ ಕಳೆಯಲಿ, ಮದರಾಸಿನ ಕುರ್ಚಿ ಸಿಗಲಿ. ಆಮೇಲೆ ಈ ಮೇಷ್ಟ್ರೇ ಅರ್ಜಿ ಹಿಡಿದು ಬಾಗಿಲಿಗೆ ಬಂದು ನಿಲ್ಲಲಿ.

ಅವ್ವ ಹುಲುಗಮ್ಮ ಬಾಗಿಲಲ್ಲೇ ಕಾದಿದ್ದಳು. ಗಟ್ಟಿ ಮೈಯ ಹೆಂಗಸು. ಗಂಡ ಸತ್ತು ಹದಿನೈದು ವರ್ಷವಾಗಿದ್ದರೂ ಒಂದು ದಿನ ಯಾರ ಮುಂದೆಯೂ ಕುಗ್ಗಿ ನಿಂತವಳಲ್ಲ. ಮಗ ಕಾಲು ತೊಳೆದು ಕೂರುವ ಮುಂಚೆಯೇ ಪಕ್ಕದ ಮನೆಯ ಪಕ್ಕೀರಮ್ಮ, ಎದುರಿನ ಮುದುಕಿ ಮಾರೆಮ್ಮ, ಇನ್ನೂ ನಾಕಾರು ಹೆಂಗಸರು ಬಂದು ಅಂಗಳ ತುಂಬಿದರು. ಸೀರೆ ಕೈಯಿಂದ ಕೈಗೆ ಹೋಗಿ ಬಂತು. ಹುಲುಗಮ್ಮ ಅದನ್ನು ಮಡಿಚಿ ಒಂದು ಕಡೆ ಇಟ್ಟು ಕೇಳಿದಳು.

"ನಮ್ಮ ಒರಳಿನ ಚಿತ್ರ ತಂದೀಯೇನಪಾ? ಮಾರೆಮ್ಮ ಮುಂಜಾನಿಂದ ಕೇಳಾಕ ಹತ್ಯಾಳ."

ಯಾವ ಒರಳು ಎಂದು ಸುಂಕಪ್ಪನಿಗೆ ಹೊಳೆಯಲಿಲ್ಲ. ಲೇಖನದ ಮಾತು ಇವರ ತನಕ ಬಂದಿರಬೇಕು, ಏನೋ ಹೇಳಬೇಕೆಂದು ಹೇಳುತ್ತಿದ್ದಾಳೆ ಎಂದುಕೊಂಡು ಲಕೋಟೆ ಬಿಚ್ಚಿ ನಾಲ್ಕನೆಯ ಹಾಳೆ ಹೊರತೆಗೆದ. ಬಂಡೆಯ ನಕ್ಷೆ, ಒಂಬತ್ತು ಗುಳಿ, ಒಂದೊಂದಕ್ಕೂ ಒಂದೊಂದು ಅಂಕಿ. ಪಕ್ಕೀರಮ್ಮ ಸೆರಗಿಗೆ ಕೈ ಒರೆಸಿಕೊಂಡು ಹಾಳೆಯನ್ನು ಕೈಗೆ ತೆಗೆದುಕೊಂಡಳು, ಗುಡ್ಡದ ಕಡೆ ಒಮ್ಮೆ ನೋಡಿದಳು, ಹಾಳೆಯನ್ನು ಅರ್ಧ ತಿರುಗಿಸಿ ಹಿಡಿದಳು. ಆಮೇಲೆ ಬೆರಳಿಟ್ಟು ತೋರಿಸುತ್ತ ಹೋದಳು. ಇದು ಮಾರೆಮ್ಮಂದು. ಇದು ನಂದು. ಈ ಸಣ್ಣದು ಹಂಪಮ್ಮಂದು, ಆಕೆಯನ್ನು ಸಿರುಗುಪ್ಪಕ್ಕೆ ಕೊಟ್ಟ ಮೇಲೆ ಹಾಗೇ ಉಳಿಯಿತು. ಬೆರಳು ನಾಲ್ಕನೆಯ ಅಂಕಿಯ ಮೇಲೆ ನಿಂತಿತು. ಇದು ನಿಮ್ಮವ್ವಂದು. ಹೆಂಗಸರೆಲ್ಲ ಬಗ್ಗಿ ನೋಡಿದರು, ಸರಿಯಾಗಿದೆ ಎಂಬಂತೆ ಹೂಂಗುಟ್ಟಿದರು. ಸುಂಕಪ್ಪ ನಕ್ಕ. ಇವು ನಾಲ್ಕು ಸಾವಿರ ವರ್ಷದ ಹಿಂದಿನವು ಎಂದ.

"ನನ್ನ ನೋಡಿದ್ರ ಅಷ್ಟು ಮುದುಕಿ ಕಾಣ್ತೀನೇನು?" ಎಂದಳು ಪಕ್ಕೀರಮ್ಮ.

ಅಂಗಳವೆಲ್ಲ ನಕ್ಕಿತು. ಹುಲುಗಮ್ಮ ನಗಲಿಲ್ಲ. ಅವಳು ಮಗನ ಮುಖ ನೋಡುತ್ತಿದ್ದಳು. ಆ ಮುಖದ ಬಣ್ಣ ಇಳಿಯುತ್ತಿದ್ದುದು ಅವಳಿಗೆ ಕಂಡಿರಬೇಕು. ಹುಡುಗ ಹಸಿದು ಬಂದಾನ, ಸಂಜಿಗೆ ಬರ್ರಿ, ಓದಿಸೂಣು ಎಂದು ಎಲ್ಲರನ್ನೂ ಕಳಿಸಿದಳು. ರೊಟ್ಟಿ ಬಡಿಸಿದಳು. ಅವನು ಎರಡು ತುತ್ತು ತಿಂದು, ಬಂಡೆಯ ಹತ್ತಿರ ಹೋಗೋಣ ಬಾ ಎಂದ.

ಹಿತ್ತಲಿನ ದಾರಿ ಹತ್ತು ನಿಮಿಷದ್ದು. ಮುಳ್ಳಿಲ್ಲ, ಕಂಟಿಯಿಲ್ಲ, ಹೆಂಗಸರ ಕಾಲು ಸವೆಸಿದ ದಾರಿ. ಈ ದಾರಿಯನ್ನು ಅವನು ಶಾಸ್ತ್ರದ ಕಣ್ಣಿನಿಂದ ಒಮ್ಮೆ ನೋಡಿದ್ದರೂ ಸಾಕಿತ್ತು. ದಾರಿ ನೇರವಾಗಿ ಬಂಡೆಗೇ ಹೋಗಿ ಮುಗಿಯುತ್ತಿತ್ತು. ಮೊದಲನೆಯ ಗುಳಿಯ ಪಕ್ಕ ಹೊಸ ನವಣೆಯ ಹೊಟ್ಟು ಬಿದ್ದಿತ್ತು. ಹುಲುಗಮ್ಮ ನಾಲ್ಕನೆಯದರ ಮುಂದೆ ಕೂತು, ಒಳಗಿನ ಧೂಳನ್ನು ಉಫ್ ಎಂದು ಊದಿ, ಕೈ ಇಳಿಬಿಟ್ಟಳು. ಮಣಿಕಟ್ಟು ದಾಟಿ ಕೈ ಒಳಗೆ ಹೋಯಿತು. ಇದನ್ನು ಯಾರು ಮಾಡಿದರು ಎಂದು ಸುಂಕಪ್ಪ ಕೇಳಿದ. ಪುಸ್ತಿಕೆಯಲ್ಲಿ ಅದು ಎಷ್ಟನೆಯ ಪ್ರಶ್ನೆ ಎಂಬುದೂ ಅವನಿಗೆ ಗೊತ್ತಿತ್ತು.

"ನಿಮ್ಮಜ್ಜಿ. ಪ್ಲೇಗು ಬಂದಾಗ ನಮ್ಮನ್ನ ಹಳೇ ಜಾಗದಾಗಿಂದ ಎಬ್ಬಿಸಿ ಇಲ್ಲಿ ತಂದು ಹಾಕಿದ್ರಂತ. ಒರಳು ತರಾಕ ಬಿಡಲಿಲ್ಲ. ಕಲ್ಲುಕುಟಿಗನ್ನ ಉಳಿ ಕೇಳಿದ್ರ, ನೀವು ಮುಟ್ಟಿದ ಉಳಿ ದೇವರ ಕಲ್ಲಿಗೆ ಹೆಂಗ ಹಚ್ಚಲಿ ಅಂದ. ಮತ್ತೇನು ಮಾಡ್ತಾರ, ಕಲ್ಲಿಲೇ ಕಲ್ಲು ಕುಟ್ಟಿದ್ರು. ಎರಡು ವರ್ಷ ಹಿಡೀತಂತ ಇದೊಂದಕ್ಕ."

ಸುಂಕಪ್ಪ ಅಲ್ಲೇ ಕುಕ್ಕರಿಸಿದ. ಲೋಹದ ಗುರುತು ಎಲ್ಲಿಯೂ ಇಲ್ಲ, ಆದುದರಿಂದ ಕಬ್ಬಿಣವನ್ನು ಅರಿಯದ ಜನ. ಅರಿಯದವರಲ್ಲ, ಅದು ಕೈಗೆ ಸಿಗದವರು. ಅವನ ಗುರುಗಳು, ಲಂಡನ್ನಿನ ಪ್ರಾಧ್ಯಾಪಕರು, ಭೂತಗನ್ನಡಿ ಹಿಡಿದ ಎಲ್ಲರೂ ಎಡವಬಹುದು. ಉಳಿ ಕೊಡದ ಊರು ಅವರಿಗೆ ಗೊತ್ತಿಲ್ಲ. ತನಗೆ ಗೊತ್ತಿತ್ತು. ಈ ಕೇರಿಯಲ್ಲಿ ಹುಟ್ಟಿದವನು, ಈ ಅಂಗೈಯಿಂದ ಉಂಡವನು, ತನ್ನ ಅಜ್ಜಿಯನ್ನು ನಾಲ್ಕು ಸಾವಿರ ವರ್ಷ ಹಿಂದಕ್ಕೆ ತಳ್ಳಿ ಬಂದಿದ್ದ. ಜಾತಿಯಿಲ್ಲದ ಊರೊಂದನ್ನು ಹುಡುಕಿಕೊಂಡು ಏಳು ಸಮುದ್ರ ದಾಟಿ, ಅಂಥ ಊರಿನ ಒರಳುಗಳೆಂದು ಕೊಂಡಾಡಿದ್ದು ಜಾತಿಯೇ ಕೊರೆಸಿದ ಗುಳಿಗಳನ್ನು. ಅವನಿಗೆ ಅವಮಾನವಾಯಿತು. ಆ ಅವಮಾನದ ತಳದಲ್ಲಿ ಇನ್ನೇನೋ ಇತ್ತು, ಅದಕ್ಕೆ ಅವನು ಇನ್ನೂ ಹೆಸರಿಟ್ಟಿರಲಿಲ್ಲ. ಎರಡು ವರ್ಷ ಎಂದಳಲ್ಲ. ಸಂಗನಕಲ್ಲಿನಲ್ಲಿ ಕೊಡಲಿ ಮಸೆದವರಿಗೆ ಬೇರೆ ದಾರಿಯಿರಲಿಲ್ಲ. ಅಜ್ಜಿಗೆ ಕೂಗಳತೆಯಲ್ಲಿ ಉಳಿಯ ಸದ್ದು ಕೇಳುತ್ತಿದ್ದಿರಬೇಕು, ಅದನ್ನು ಕೇಳುತ್ತಲೇ ಕಲ್ಲಿನಿಂದ ಕಲ್ಲು ಕುಟ್ಟಿದ್ದಳು.

"ನನಗ್ಯಾಕ ಹೇಳಲಿಲ್ಲ, ಯವ್ವಾ?"

"ನೀ ಕೇಳಿದ್ದಿಯೇನು?"

ಅವಳ ದನಿಯಲ್ಲಿ ದೂರಿರಲಿಲ್ಲ. ಆರು ವರ್ಷಕ್ಕೇ ಕೇರಿ ಬಿಟ್ಟವನಿಗೆ ಅದಕ್ಕೂ ಮುಂಚಿನದು ನೆನಪಿರಲಿಲ್ಲ. ಅವನು ರಜೆಗೆ ಬಂದಾಗಲೆಲ್ಲ ಶಾಲೆಯ ಹುಡುಗನ ನಿದ್ದೆ ಕೆಡಬಾರದೆಂದು ಬೆಳಕು ಹರಿಯುವ ಮುಂಚೆಯೇ ಎಲ್ಲರೂ ಕುಟ್ಟಿ ಮುಗಿಸುತ್ತಿದ್ದರಂತೆ. ಚಿನ್ನಪ್ಪನ ಮನೆಯಲ್ಲಿ ಅವನು ಉಂಡ ನವಣೆಯೆಲ್ಲ ಈ ಗುಳಿಯಿಂದ ಹೋದದ್ದೇ, ತಿಂಗಳಿಗೊಂದು ಗಂಟು, ಹದಿನೆಂಟು ವರ್ಷ. ಇವುಗಳಲ್ಲಿ ಏನನ್ನು ಕುಟ್ಟುತ್ತಿದ್ದರೆಂದು ಹೇಳಲು ಆಧಾರಗಳಿಲ್ಲ ಎಂದು ಅವನು ಐದನೆಯ ಪುಟದಲ್ಲಿ ಬರೆದಿದ್ದ. ಅವನು ಟೊಪ್ಪಿಗೆ ಹಾಕಿಕೊಂಡು ಅಳೆಯಲು ಬಂದ ದಿನ ತಾನು ಕೆಳಗಿನಿಂದ ನೋಡಿದ್ದನ್ನೂ ಅವಳೇ ಹೇಳಿದಳು. ಇಡೀ ಕೇರಿಯನ್ನು ಕೂಗಿ ಕರೆದು ತೋರಿಸಿದಳಂತೆ: ನೋಡ್ರಿ, ನನ್ನ ಮಗ ನಮ್ಮ ಒರಳು ಅಳಿಯಾಕ ಹತ್ಯಾನ, ದೊರೆಗಳಿಗೆ ತೋರಸ್ತಾನ. ಅವನು ಹಡಗು ಹತ್ತಿದ ಮೇಲೆ ಈ ಹೆಂಗಸರು, ತಮ್ಮ ಒರಳು ಸಮುದ್ರ ದಾಟಿ ಹೋಗಿದೆ ಎಂದು ಹೊಲದಲ್ಲಿ, ಸಂತೆಯಲ್ಲಿ, ಸಿರುಗುಪ್ಪದ ಬೀಗರ ಮನೆಗಳಲ್ಲಿ ಹೇಳಿಕೊಂಡು ತಿರುಗಿದ್ದರು. ಅವನು ತಲೆ ತಗ್ಗಿಸಿ, ಅವತ್ತು ನನ್ನನ್ನು ಕರೆಯಬಾರದಿತ್ತೇ ಎಂದ.

"ದೊಡ್ಡವರ ಜೋಡಿ ಇದ್ದಿ. ಕರದಿದ್ರ ಬರ್ತಿದ್ದಿಯೇನು?"

ಉತ್ತರಕ್ಕೆ ಅವಳು ಕಾಯಲಿಲ್ಲ, ಎದ್ದು ಮುಂದಿನದಕ್ಕೆ ಹೋದಳು. ಏಳು ಒರಳು ಕೇರಿಯವು. ಯಾರು ಶುರು ಮಾಡಿದರು, ಯಾರ ಕೈಯಲ್ಲಿ ಆಳವಾಯಿತು, ಯಾವ ಸೊಸೆ ಮುಂದುವರಿಸಿದಳು ಎಂದು ಒಂದೊಂದರ ಮುಂದೆಯೂ ನಿಂತು ಹೇಳಿದಳು. ಬಂಡೆಯ ಮೇಲಂಚಿನ ಎಂಟು, ಒಂಬತ್ತನೆಯವು ಮಾತ್ರ ತಮ್ಮವಲ್ಲ, ಅಜ್ಜಿ ಬಂದಾಗಲೇ ಇದ್ದವು ಎಂದಳು. ಅವು ಆಳವಿಲ್ಲ, ಅಗಲ. ಒನಕೆಯಿಂದ ಕುಟ್ಟಿದ್ದಲ್ಲ, ಕೂತು ಗುಂಡುಕಲ್ಲಿನಿಂದ ಅರೆದದ್ದು. ಎಂಟನೆಯದನ್ನು ಅರೆದವಳು ಎಡಚಿ ಎಂದಳು. ಸುಂಕಪ್ಪ ತಲೆಯೆತ್ತಿದ. ಅದು ಹೇಗೆ ಗೊತ್ತಾಯಿತು ಎಂದು ಕೇಳಿದ. ಕೂತು ನೋಡು ಎಂದಳು. ಆ ಗುಳಿಯ ಮುಂದೆ ಕೂರಲು ಒಂದೇ ಕಡೆ ಜಾಗವಿತ್ತು, ಅಲ್ಲಿ ಕಲ್ಲು ನುಣ್ಣಗಾಗಿತ್ತು. ಕೂತು, ಕೈಯಲ್ಲಿ ಗುಂಡು ಇದ್ದಂತೆ ಬಲಗೈ ಆಡಿಸಿದ. ಮೊಣಕೈ ಪಕ್ಕದ ಬಂಡೆಗೆ ಬಡಿಯಿತು. ಎಡಗೈ ಆಡಿಸಿದ. ಅದು ಸಲೀಸಾಗಿ ಓಡಿತು. ಗುಳಿಯ ತುಟಿಯೂ ಆ ಕಡೆಗೇ ಸವೆದಿತ್ತು. ನಾಲ್ಕು ಜನ ಸಹಪಾಠಿಗಳು, ಒಬ್ಬ ಗುರು, ಒಂದು ಭೂತಗನ್ನಡಿ. ಯಾರೂ ಅಲ್ಲಿ ಕೂತು ನೋಡಿರಲಿಲ್ಲ. ಅಕ್ಷರ ಬಾರದ ಈ ಹೆಂಗಸು ಲಂಡನ್ನಿನ ಆ ಸಭೆಯಲ್ಲಿ ಎದ್ದು ನಿಂತಿದ್ದರೆ ಯಾರ ಪ್ರಶ್ನೆಗೂ ತೊದಲುತ್ತಿರಲಿಲ್ಲ. ಈಕೆ ನನ್ನ ತಾಯಿ ಎಂದು ಕೂಗಿ ಹೇಳಬೇಕೆನ್ನಿಸಿತು; ಹೇಳಲು ಬಂಡೆಯ ಮೇಲೆ ಯಾರೂ ಇರಲಿಲ್ಲ.

ಸಂಜೆ ಹೆಂಗಸರು ಹೇಳಿದಂತೆ ಬಂದರು. ಮಾರೆಮ್ಮನಿಗೆ ಕಣ್ಣು ಮಂಜು, ಅವಳನ್ನು ಮುಂದೆ ಕೂರಿಸಿದರು. ತನ್ನ ಹೆಸರು ಎಲ್ಲಿದೆ, ಓದು ಎಂದಳು ಮುದುಕಿ. ಅಚ್ಚಿನ ಹಾಳೆಯಲ್ಲಿ ತಮ್ಮ ಹೆಸರಿರುವುದರಲ್ಲಿ ಅವರಿಗೆ ಯಾವ ಅನುಮಾನವೂ ಇರಲಿಲ್ಲ; ಒರಳು ಹೋದಲ್ಲಿಗೆ ಒರಳಿನವಳ ಹೆಸರು ಹೋಗದೆ ಇರುತ್ತದೆಯೇ? ಸುಂಕಪ್ಪನ ಕೈಯಲ್ಲಿ ಇದ್ದದ್ದು ಮೂರನೆಯ ಪುಟ. ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಕಬ್ಬಿಣವನ್ನು ಅರಿಯದ ಜನ ಎಂದಿತ್ತು. ಅವನು ಅವ್ವನ ಕಡೆ ನೋಡಿದ. ಓದಪಾ ಎಂದಳು. ಅವನು ಗಂಟಲು ಸರಿಮಾಡಿಕೊಂಡು ಓದತೊಡಗಿದ. ಒಂದನೆಯದು ಮಾರೆಮ್ಮನದು, ಆಳ ಏಳು ಅಂಗುಲ, ಇವತ್ತಿಗೂ ಬಳಕೆಯಲ್ಲಿದೆ. ಎರಡನೆಯದು ಪಕ್ಕೀರಮ್ಮನದು. ಮೂರನೆಯದು ಸಿರುಗುಪ್ಪಕ್ಕೆ ಕೊಟ್ಟ ಹಂಪಮ್ಮನದು. ನಾಲ್ಕನೆಯದು ಹುಲುಗಮ್ಮನದು, ಆಳ ಒಂಬತ್ತು ಅಂಗುಲ, ಆಕೆಯ ಅತ್ತೆ ಉಳಿಯಿಲ್ಲದೆ ಎರಡು ವರ್ಷ ಕಲ್ಲಿನಿಂದ ಕಲ್ಲು ಕುಟ್ಟಿ ತೆಗೆದದ್ದು, ಇದರಲ್ಲಿ ಕುಟ್ಟಿದ ನವಣೆಯಿಂದ ಒಬ್ಬ ಹುಡುಗ ಓದಿದ. ಹೀಗೆ ಏಳನ್ನೂ ಓದಿ ಮುಗಿಸಿದ. ಮಾರೆಮ್ಮ ಹಾಳೆಯನ್ನು ಈಸಿಕೊಂಡು ಕಣ್ಣಿಗೊತ್ತಿಕೊಂಡಳು. ಅವರು ಹೋಗುವಾಗ ನಡಿಗೆಯೇ ಬೇರೆಯಾಗಿತ್ತು. ಸುಂಕಪ್ಪ ಬೆವೆತಿದ್ದ. ಹುಲುಗಮ್ಮ ಕಸಬರಿಗೆ ತಂದು ಅಂಗಳ ಗುಡಿಸುತ್ತ, ಅವನ ಕಡೆ ತಿರುಗದೆ ಹೇಳಿದಳು.

"ಅಷ್ಟುದ್ದ ಓದಿದಿ. ಕಣ್ಣು ಮಾತ್ರ ಒಂದೇ ಕಡಿ ನಿಂತಿದ್ವು."

ಭಾನುವಾರವೆಲ್ಲ ಅವನು ಹಾಳೆ ಮುಂದಿಟ್ಟುಕೊಂಡು ಸುಮ್ಮನೆ ಕೂತ. ಎರಡು ಅಲ್ಪವಿರಾಮ ತಿದ್ದಿ ಕಳಿಸಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಕೇರಿಗೆ ಇಂಗ್ಲಿಷ್ ಬಾರದು, ಲಂಡನ್ನಿಗೆ ಕೇರಿ ಗೊತ್ತಿಲ್ಲ, ಮೇಷ್ಟ್ರಿಗೆ ಋಷಿಗಳು ಬೇಕು, ಮದರಾಸಿನವರಿಗೆ ಅಚ್ಚಾದ ಲೇಖನ ಬೇಕು. ತಿದ್ದಿದರೆ ಎಂಟು ಹಾಳೆಯಲ್ಲಿ ಉಳಿಯುವುದು ಒಂದೂವರೆ. ಅದನ್ನು ಅವರು ಅಚ್ಚು ಹಾಕುತ್ತಾರೋ, ಮಡಿಚಿ ವಾಪಸು ಕಳಿಸುತ್ತಾರೋ. ಸ್ವಂತ ತಾಯಿಯ ಒರಳನ್ನು ಗುರುತಿಸದ ಪ್ರಾಕ್ತನಶಾಸ್ತ್ರಜ್ಞ ಎಂದು ನಗುತ್ತಾರೆ. ನಗುವುದಕ್ಕಿಂತ ಹೆಚ್ಚಾಗಿ, ಓಹೋ ಆ ಕೇರಿಯವನೋ ಎಂದು ಮದರಾಸಿನ ಮೇಜಿನಾಚೆ ಯಾರೋ ಒಬ್ಬರು ತಮ್ಮ ಕೈಚೀಲ ಸರಿಸಿಕೊಳ್ಳುತ್ತಾರೆ. ಹೆಸರು ಕೇಳಿದರೆ ಯಾವ ಜನ ಎಂದು ತಿಳಿಯದ ಹಾಗೆ ಎಷ್ಟು ಜಾಣತನದಿಂದ ಬದುಕಿದ್ದ, ಲಂಡನ್ನಿನಲ್ಲಿ ಒಂದು ಇಡೀ ವರ್ಷ. ಆ ವರ್ಷವನ್ನು ನೆನೆದಾಗ ಇವತ್ತು ಅವನಿಗೆ ಹಿಗ್ಗು ಬರಲಿಲ್ಲ. ಬಂಡೆಯ ಮೇಲೆ ಉಫ್ ಎಂದು ಧೂಳು ಊದಿ ಕೈ ಇಳಿಬಿಟ್ಟ ಅವ್ವ ನೆನಪಾದಾಗ ಬಂತು. ನಿನ್ನೆ ಅಂಗಳದಲ್ಲಿ ಆಡಿದ್ದು ಸುಳ್ಳು, ನಿಜ. ಆದರೆ ಆ ಎಂಟು ಹಾಳೆಗಿಂತ ಅದೇ ಒಳ್ಳೆಯ ಲೇಖನವಾಗಿತ್ತು.

ಸೋಮವಾರ ಬೆಳಿಗ್ಗೆ ಹೊಸ್ತಿಲಲ್ಲಿ ಕೂತು ಬರೆದ. ಮೂರನೆಯ ಪುಟವನ್ನು ಮೇಲಿಂದ ಕೆಳಗೆ ಅಡ್ಡಗೆರೆ ಎಳೆದು ಹೊಡೆದುಹಾಕಿದ. ನಕ್ಷೆಯಲ್ಲಿ ಏಳು ಅಂಕಿಗಳನ್ನು ಹೊಡೆದು ಏಳು ಹೆಸರು ಬರೆದ, ಎಂಟು ಒಂಬತ್ತನ್ನು ಹಾಗೇ ಬಿಟ್ಟ, ಎಂಟರ ಪಕ್ಕ 'ಎಡಗೈಯವಳು' ಎಂದು ಸೇರಿಸಿದ. ಅಂಚಿನಲ್ಲಿ ಜಾಗ ಸಾಲದೆ ಬೇರೆ ಹಾಳೆ ಹಚ್ಚಿದ. ಉಳಿ ಕೊಡದಿದ್ದ ಊರಿನ ಸಂಗತಿ, ಪ್ಲೇಗು, ನವಣೆ, ಒಂದನ್ನೂ ಬಿಡಲಿಲ್ಲ. ಕೊನೆಯಲ್ಲಿ, ವಿಷಯ ತಿಳಿಸಿದವರು ಎಂದು ಬರೆಯುವ ಜಾಗ ಬಂತು. ಅವನ ಶಾಸ್ತ್ರದ ರೂಢಿಯಂತೆ ಅಲ್ಲಿ ಹೆಸರು ಮರೆಸುತ್ತಾರೆ, ಹೆಂಗಸು, ಸುಮಾರು ಐವತ್ತು ವರ್ಷ ಎಂದಷ್ಟೇ ಹಾಕುತ್ತಾರೆ. ಅವನು ಪೂರ್ತಿ ಹೆಸರು ಬರೆದ, ಕೇರಿಯ ಹೆಸರು ಬರೆದ, ಅದರ ಮುಂದೆ ಎರಡೇ ಪದ ಸೇರಿಸಿದ. ಟಪಾಲು ಹೋಗಲು ಇನ್ನೂ ಒಂದು ಗಂಟೆಯಿತ್ತು. ಹುಲುಗಮ್ಮ ಒಳಗಿನಿಂದ ಬಂದು ಪಕ್ಕದಲ್ಲಿ ಕೂತಳು. ಏನು ಬರೆದೆ ಎಂದು ಕೇಳಲಿಲ್ಲ, ಓದು ಎಂದಳು. ಅವನು ಮೊದಲಿನಿಂದ ಓದಿದ, ಒಂದೊಂದು ಸಾಲನ್ನೂ ಅವಳ ಮಾತಿಗೆ ತಿರುಗಿಸುತ್ತ, ನಿಧಾನವಾಗಿ. ತಿಳಿಸಿದವರು ಹುಲುಗಮ್ಮ, ಲೇಖಕನ ತಾಯಿ ಎಂಬಲ್ಲಿಗೆ ಓದಿ ನಿಲ್ಲಿಸಿ ಅವ್ವನ ಕಡೆ ತಿರುಗಿದ. ಅವಳು ಹಾಳೆಯನ್ನು ನೋಡುತ್ತಲೇ ಇರಲಿಲ್ಲ. ಅಷ್ಟು ಹೊತ್ತೂ ಸಾಲಿನಿಂದ ಸಾಲಿಗೆ ಸರಿಯುತ್ತಿದ್ದ ಅವನ ಕಣ್ಣುಗಳನ್ನು ನೋಡುತ್ತಿದ್ದಳು.

"ಈಗ ಓದಿದಿ ನೋಡು," ಎಂದಳು.